ಸಲಿಕೆ ಕಾವಿನ ಒಂದೇ ಏಟು, ದೂರಿನಲ್ಲಿ ಐದು ಜನ

ಭದ್ರಾ ನಾಲೆಯ ಕೊನೆ ಭಾಗದಲ್ಲಿ ಗದ್ದೆ ಇರುವವರಿಗೆ ಬೇಸಿಗೆ ಬೆಳೆ ಅಂದರೆ ನಿದ್ದೆಗೆಡುವ ಕಾಲ. ಡ್ಯಾಂ 186 ಅಡಿ ತುಂಬಿದ ವರ್ಷವೂ ಮೇಲಿನವರ ಗದ್ದೆ ದಾಟಿ ನೀರು ಕೆಳಗೆ ಇಳಿಯುವಷ್ಟರಲ್ಲಿ ಸರದಿಯ ಅರ್ಧ ಹೊತ್ತು ಕಳೆದಿರುತ್ತದೆ. ಅದಕ್ಕೇ ಟಾರ್ಚು, ಸಲಿಕೆ ಹಿಡಿದು ರಾತ್ರಿಯೆಲ್ಲ ಕಾಲುವೆ ಕಾಯುತ್ತಾರೆ. 2025ರ ಫೆಬ್ರವರಿಯಲ್ಲಿ, ದಾವಣಗೆರೆಯಿಂದ ಬೈಕಿನಲ್ಲಿ ಮುಕ್ಕಾಲು ಗಂಟೆ ದೂರದ ಹಳ್ಳಿಯೊಂದರಲ್ಲಿ, ಹಾಗೆ ಕಾಯುತ್ತಿದ್ದ ಇಬ್ಬರ ನಡುವೆ ಜಗಳ ಆಯಿತು. ಒಬ್ಬರ ಕೈ ಮುರಿಯಿತು. ಆ ಕೇಸಿನ ಪೂರ್ತಿ ಕಥೆ ಇದು.

ನಾನು ಕೈ ಮುರಿದವರ ಪರ ವಕೀಲ. ಎರಡೂ ಮನೆಯವರನ್ನು ಕೇಳಿ, ಒಪ್ಪಿಗೆ ತೆಗೆದುಕೊಂಡೇ ಬರೆಯುತ್ತಿದ್ದೇನೆ. ಹೆಸರು, ಊರು, ಠಾಣೆ ಹೇಳುವುದಿಲ್ಲ. ಪೆಟ್ಟು ತಿಂದವರನ್ನು ಕೆಳಗದ್ದೆಯವರು ಅನ್ನುತ್ತೇನೆ, ಹೊಡೆದವರನ್ನು ಮೇಲ್ಗದ್ದೆಯವರು. ಇಬ್ಬರೂ ಅಣ್ಣತಮ್ಮಂದಿರ ಮಕ್ಕಳು, ಐವತ್ತು ದಾಟಿದವರು. ಗದ್ದೆಗಳ ನಡುವೆ ಇರುವುದು ಒಂದೇ ಬದು. ಇದೇ ಬದುವಿನ ಮೇಲೆ ಅವರ ಅಜ್ಜಂದಿರ ಕಾಲದಲ್ಲೂ ಒಂದು ವ್ಯಾಜ್ಯ ನಡೆದಿತ್ತಂತೆ. ಆಗ ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಯೊಳಗೇ ಇತ್ತು. ಬುತ್ತಿ ಕಟ್ಟಿಕೊಂಡು ದುರ್ಗದ ಕೋರ್ಟಿಗೆ ಅಲೆದಿದ್ದನ್ನು ಮನೆಯ ಹಿರಿಯರು ಈಗಲೂ ಹೇಳುತ್ತಾರೆ.

ಆ ರಾತ್ರಿ

ರಾತ್ರಿ ಎರಡೂವರೆ. ಸರದಿ ಕೆಳಗದ್ದೆಯವರದ್ದು. ನೀರು ಬರುತ್ತಿಲ್ಲ ಅಂತ ಕಾಲುವೆ ಹಿಡಿದು ಮೇಲೆ ಬಂದರು. ಮೇಲ್ಗದ್ದೆಯ ಬಾಯಿಯಲ್ಲಿ ಮಣ್ಣು ತೆಗೆದು, ಕಾಲುವೆಗೆ ಅಡ್ಡ ಕಟ್ಟಿದ್ದರು. ಇವರು ತಮ್ಮ ಸಲಿಕೆಯಿಂದ ಆ ಮಣ್ಣು ಎಳೆಯತೊಡಗಿದರು. ಅಷ್ಟರಲ್ಲಿ ಮೇಲ್ಗದ್ದೆಯವರು ಬಂದರು. ಮಾತಿಗೆ ಮಾತು ಬೆಳೆಯಿತು. ಇವರು ತಳ್ಳಿದರು. ಅವರು ಕಾಲುವೆ ಕಲ್ಲಿನ ಮೇಲೆ ಬಿದ್ದರು, ಹಣೆ ತರಚಿತು. ಎದ್ದವರೇ ಇವರ ಕೈಯಿಂದ ಸಲಿಕೆ ಕಿತ್ತುಕೊಂಡು, ತಿರುಗಿಸಿ ಹಿಡಿದು, ಕಾವಿನಿಂದ ತಲೆಗೆ ಬೀಸಿದರು. ಇವರು ಎಡಗೈ ಅಡ್ಡ ಕೊಟ್ಟರು. ಮುಂಗೈ ಮೂಳೆ ಮುರಿಯಿತು.

ಒಂದೇ ಏಟು. ಅಲ್ಲಿದ್ದವರು ಇಬ್ಬರೇ. ಕೂಗು ಕೇಳಿ ಮೇಲ್ಗದ್ದೆಯವರ ತಮ್ಮ ಓಡಿ ಬಂದು ಬಿಡಿಸಿದರು. ಆಮೇಲೆ ಕಾಲುವೆಯ ನೀರು ನೋಡಿಕೊಳ್ಳುವ ನೀರುಗಂಟಿ ಬಂದರು. ಇದಿಷ್ಟು ನಡೆದದ್ದು. ನನಗೆ ಇದು ಪೂರ್ತಿಯಾಗಿ ಗೊತ್ತಾದದ್ದು ಮಾತ್ರ ಕೇಸ್ ಶುರುವಾಗಿ ಮೂರು ತಿಂಗಳ ಮೇಲೆ.

ಎರಡು ಕಾಗದಗಳು

ಈ ಕೇಸನ್ನು ಅರ್ಥ ಮಾಡಿಕೊಳ್ಳಲು ಎರಡು ಕಾಗದ ಅಕ್ಕಪಕ್ಕ ಇಟ್ಟು ಓದಿದರೆ ಸಾಕು.

ಮೊದಲನೆಯದು ಜಿಲ್ಲಾ ಆಸ್ಪತ್ರೆಯ ಎಂಎಲ್‌ಸಿ, ಅಂದರೆ ಮೆಡಿಕೋ ಲೀಗಲ್ ಕೇಸ್ ಪುಸ್ತಕ. ಹೊಡೆದಾಟ, ಅಪಘಾತ, ವಿಷ, ಸುಟ್ಟ ಗಾಯ ಹೀಗೆ ಪೊಲೀಸರಿಗೆ ತಿಳಿಸಬೇಕಾದ ಯಾವ ಕೇಸ್ ಬಂದರೂ ಡಾಕ್ಟರು ಅದರಲ್ಲಿ ಬರೆದುಕೊಳ್ಳುತ್ತಾರೆ. ಬೆಳಗಿನ ಜಾವ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಮಗ ಬೈಕಿನಲ್ಲಿ ಕರೆತಂದಿದ್ದ. ಡಾಕ್ಟರು ಕೇಳಿದರು, ಇವರು ಹೇಳಿದರು, ಅವರು ಬರೆದರು. ನಾಲ್ಕೇ ಸಾಲು. ಪರಿಚಯದ ಒಬ್ಬ ವ್ಯಕ್ತಿಯಿಂದ, ಸಲಿಕೆಯ ಮರದ ಕಾವಿನಿಂದ, ರಾತ್ರಿ ಸುಮಾರು ಎರಡೂವರೆಗೆ, ಗದ್ದೆಯ ಹತ್ತಿರ ಹಲ್ಲೆ. ಎಡ ಮುಂಗೈಯಲ್ಲಿ ಊತ, ನೋವು. ಕೊಯ್ದ ಗಾಯ ಇಲ್ಲ.

ಎರಡನೆಯದು ದೂರು. ಆಸ್ಪತ್ರೆಯಿಂದ ಠಾಣೆಗೆ ಮಾಹಿತಿ ಹೋಗಿ, ಎಎಸ್‌ಐ ಬಂದು ಹೇಳಿಕೆ ಬರೆದುಕೊಂಡಾಗ ಬೆಳಗ್ಗೆ ಹನ್ನೊಂದೂವರೆ. ನಡುವೆ ಏಳು ಗಂಟೆ. ಆ ಏಳು ಗಂಟೆಯಲ್ಲಿ ಊರಿನಿಂದ ಜನ ಬಂದರು. ಕೋರ್ಟು ಕಚೇರಿ ಓಡಾಡಿ ಗೊತ್ತಿದ್ದ ಒಬ್ಬರು ಮಂಚದ ಪಕ್ಕ ಕೂತು ಹೇಳಿಕೊಟ್ಟರು. ಇವರಿಗೆ ಆಗ ನೋವಿನ ಇಂಜೆಕ್ಷನ್ ಕೊಟ್ಟಿತ್ತು, ಕೈಗೆ ಪಟ್ಟಿ ಹಾಕಿತ್ತು. ಬಲಗೈಯಲ್ಲಿ ಸಹಿ ಮಾಡಿದರು.

ಆ ದೂರಿನಲ್ಲಿ ಐದು ಜನ ಇದ್ದರು. ಮೇಲ್ಗದ್ದೆಯವರು, ಅವರ ಇಬ್ಬರು ತಮ್ಮಂದಿರು, ವಯಸ್ಸಾದ ಅಪ್ಪ, ಮತ್ತು ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಮಗ. ಐವರೂ ಗುಂಪು ಕಟ್ಟಿಕೊಂಡು ಬಂದು, ಅಡ್ಡಗಟ್ಟಿ, ಅವಾಚ್ಯವಾಗಿ ಬೈದು, ಮಚ್ಚಿನಿಂದ ಹೊಡೆದು, ಕೊಲೆ ಬೆದರಿಕೆ ಹಾಕಿದರು ಅಂತ ಇತ್ತು. ಸಲಿಕೆಯ ಮಾತೇ ಇಲ್ಲ. ತಲೆಗೆ ಬೀಸಿದರು, ಕೈ ಅಡ್ಡ ಕೊಟ್ಟೆ ಅನ್ನುವ ಮಾತೂ ಇಲ್ಲ.

ಈ ಕೊನೆಯ ಸಾಲನ್ನು ಇನ್ನೊಮ್ಮೆ ಓದಿ. ಇಡೀ ಕೇಸಿನಲ್ಲಿ ಪೆಟ್ಟು ತಿಂದವರ ಪರವಾಗಿ ಇದ್ದ ದೊಡ್ಡ ಮಾತು ಅದೊಂದೇ. ಬೇಡದ್ದೆಲ್ಲ ತುಂಬಿಸುವ ಗಡಿಬಿಡಿಯಲ್ಲಿ ಅದೇ ಬಿಟ್ಟುಹೋಯಿತು.

ಐದು ಯಾಕೆ? ಅಡ್ಡಗಟ್ಟಿದ್ದು ಯಾಕೆ?

ಊರಿನ ತಿಳಿದವರು ಐದು ಅನ್ನುವ ಸಂಖ್ಯೆಯನ್ನು ಸುಮ್ನೆ ಹೇಳಿದ್ದಲ್ಲ. 2024ರ ಜುಲೈ 1ರಿಂದ 1860ರ ದಂಡ ಸಂಹಿತೆಯ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರ 189ನೇ ಸೆಕ್ಷನ್ ಪ್ರಕಾರ ಐದು ಅಥವಾ ಹೆಚ್ಚು ಜನ ಕೆಟ್ಟ ಉದ್ದೇಶಕ್ಕೆ ಸೇರಿದರೆ ಅದು ಅಕ್ರಮ ಕೂಟ. ಕೂಟ ಅಂತ ಆದರೆ 190ನೇ ಸೆಕ್ಷನ್ ಬರುತ್ತದೆ. ಆ ಉದ್ದೇಶಕ್ಕಾಗಿ ಒಬ್ಬ ಹೊಡೆದರೂ ಅದರ ಹೊಣೆ ಎಲ್ಲರ ಮೇಲೆ. ನಾಲ್ಕು ಜನ ಆದರೆ ಈ ಸೆಕ್ಷನ್‌ಗಳು ನಿಲ್ಲುವುದಿಲ್ಲ. ಅದಕ್ಕೇ ಐದು ತುಂಬಿಸಲು ಬೆಂಗಳೂರಿನ ಹುಡುಗನನ್ನೂ ಸೇರಿಸಿದರು.

'ಅಡ್ಡಗಟ್ಟಿ' ಅನ್ನುವ ಮಾತಿಗೂ ಇಂಥದ್ದೇ ಕಾರಣ ಇದೆ. ನಮ್ಮ ಕಡೆಯ ಯಾವ ಹೊಡೆದಾಟದ ದೂರು ತೆಗೆದರೂ ಈ ಪದ ಸಿಗುತ್ತದೆ. ಮೂಳೆ ಮುರಿಯದ, ಆಯುಧ ಇಲ್ಲದ ಸಾಮಾನ್ಯ ಏಟು 115(2)ನೇ ಸೆಕ್ಷನ್. ಅದು ಅಸಂಜ್ಞೇಯ ಅಪರಾಧ. ಅಂದರೆ ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಬೈಗುಳವೂ ಹಾಗೇ. ಆದರೆ ದಾರಿ ಅಡ್ಡಗಟ್ಟುವುದು, 126(2), ಸಂಜ್ಞೇಯ. ಒಂದು ಸಂಜ್ಞೇಯ ಅಪರಾಧ ಸೇರಿದರೆ ಇಡೀ ಕೇಸನ್ನು ಸಂಜ್ಞೇಯ ಅಂತಲೇ ನೋಡಬೇಕು ಅಂತ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 174ನೇ ಸೆಕ್ಷನ್ ಹೇಳುತ್ತದೆ. 1973ರ ಸಿಆರ್‌ಪಿಸಿ ಜಾಗದಲ್ಲಿ ಬಂದ ಕಾನೂನು ಅದು. ಹೀಗಾಗಿ ಒಂದು ತಿಂಗಳು ಸಾದಾ ಶಿಕ್ಷೆಯ ಈ ಚಿಕ್ಕ ಸೆಕ್ಷನ್ ಕೇಸಿನ ಬಾಗಿಲು ತೆರೆಯುವ ಕೀಲಿ ಆಗಿಬಿಟ್ಟಿದೆ. ನಿಜವಾಗಿ ಅಡ್ಡಗಟ್ಟಿದ್ದರೆ ಬರೆಸಲೇಬೇಕು. ಬರೀ ಕೀಲಿಗಾಗಿ ಬರೆಸಿದ್ದು ಪಾಟೀಸವಾಲಿನಲ್ಲಿ ಸಿಕ್ಕಿಬೀಳುತ್ತದೆ.

ಠಾಣೆಯವರು ಎಫ್‌ಐಆರ್ ಮಾಡಿದರು. ಅದರಲ್ಲಿ ಅವರ ತಪ್ಪಿಲ್ಲ. ಸಂಜ್ಞೇಯ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸಲೇಬೇಕು ಅಂತ 2013ರಲ್ಲೇ ಲಲಿತಾ ಕುಮಾರಿ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ದೂರು ನಿಜವೋ ಸುಳ್ಳೋ ಅಂತ ತೂಗುವ ಹಂತ ಅದಲ್ಲ. ದೂರು ಕೊಟ್ಟವರಿಗೆ ಎಫ್‌ಐಆರ್ ಪ್ರತಿ ಉಚಿತ, ಅದನ್ನು ಕೇಳಿ ಪಡೆಯಿರಿ. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಬರವಣಿಗೆಯಲ್ಲಿ ಎಸ್‌ಪಿಯವರಿಗೆ ಕಳಿಸಬಹುದು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ. ಬೇರೆ ಠಾಣೆಯ ವ್ಯಾಪ್ತಿ ಆದರೂ ಝೀರೋ ಎಫ್‌ಐಆರ್ ಮಾಡಿಸಬಹುದು. ಇವೆಲ್ಲ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್‌ನಲ್ಲೇ ಇವೆ.

ಬಂಧನ, ಜಾಮೀನು

ಎರಡನೇ ದಿನ ಎಕ್ಸ್‌ರೇ ವರದಿ ಬಂತು. ಮೂಳೆ ಮುರಿದಿದ್ದರೆ ಕಾನೂನಿನ ಕಣ್ಣಿನಲ್ಲಿ ಅದು ತೀವ್ರ ಗಾಯ. ನ್ಯಾಯ ಸಂಹಿತೆಯ 116ನೇ ಸೆಕ್ಷನ್ ಹೇಳುವ ಎಂಟು ಬಗೆಯ ತೀವ್ರ ಗಾಯಗಳಲ್ಲಿ ಮೂಳೆ, ಹಲ್ಲು ಮುರಿಯುವುದೂ ಒಂದು. ದೂರಿನಲ್ಲಿ ಮಚ್ಚು ಇತ್ತು, ಎಕ್ಸ್‌ರೇಯಲ್ಲಿ ಮುರಿತ ಇತ್ತು. ಎರಡೂ ಸೇರಿ 118(2) ಆಯಿತು, ಅಪಾಯಕಾರಿ ಆಯುಧದಿಂದ ತೀವ್ರ ಗಾಯ. ಊರಿನವರ ಬಾಯಲ್ಲಿ ಇದು ಇನ್ನೂ ಹಳೇ ದಂಡ ಸಂಹಿತೆಯ 326. ಕಡಿಮೆ ಅಂದರೆ ಒಂದು ವರ್ಷ, ಹೆಚ್ಚೆಂದರೆ ಜೀವಾವಧಿ. ಅವತ್ತು ಸಂಜೆಯೇ ಮೇಲ್ಗದ್ದೆಯವರನ್ನು ಕರೆದುಕೊಂಡು ಹೋದರು.

ಇಲ್ಲಿ ಒಂದು ವಿಚಿತ್ರ ಗಮನಿಸಿ. ಬರಿಗೈಯಿಂದ ಹೊಡೆದು ಮೂಳೆ ಮುರಿದರೆ 117(2), ಏಳು ವರ್ಷದವರೆಗೆ ಶಿಕ್ಷೆ, ಆದರೂ ಜಾಮೀನು ಹಕ್ಕು. ಅಪಾಯಕಾರಿ ಆಯುಧದಿಂದ ಸಣ್ಣ ಗಾಯ ಆದರೆ 118(1), ಮೂರೇ ವರ್ಷ, ಆದರೆ ಜಾಮೀನು ಹಕ್ಕಲ್ಲ, ಕೋರ್ಟಿನ ವಿವೇಚನೆ. ಶಿಕ್ಷೆ ಜಾಸ್ತಿ ಇದ್ದರೆ ಜಾಮೀನು ಕಷ್ಟ ಅಂತ ಲೆಕ್ಕ ಹಾಕುವವರು ಇಲ್ಲಿ ಎಡವುತ್ತಾರೆ. ಕೈಯಲ್ಲಿ ಏನಿತ್ತು ಅನ್ನುವುದು ಎಷ್ಟು ಮುಖ್ಯ ಅಂತ ಇದರಿಂದಲೇ ತಿಳಿಯುತ್ತದೆ.

ಬಂಧಿಸಿದ ಮೇಲೆ ನಡೆಯಬೇಕಾದದ್ದು ನಡೆಯಿತು. ಕಾರಣ ತಿಳಿಸಿದರು, ಮನೆಯವರಿಗೆ ಹೇಳಿದರು, ಡಾಕ್ಟರ ಹತ್ತಿರ ತಪಾಸಣೆ ಮಾಡಿಸಿದರು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿದರು. ಆ ತಪಾಸಣೆಯಲ್ಲಿ ಹಣೆಯ ತರಚು ಗಾಯ ದಾಖಲಾಯಿತು. ನಮ್ಮ ದೂರಿನಲ್ಲಿ ಆ ಗಾಯದ ಬಗ್ಗೆ ಒಂದು ಅಕ್ಷರ ಇರಲಿಲ್ಲ. ಮರುದಿನವೇ ಅವರ ತಮ್ಮ ಪ್ರತಿದೂರು ಕೊಟ್ಟರು. ಅದರಲ್ಲೂ 'ಅಡ್ಡಗಟ್ಟಿ' ಇತ್ತು. ಈಗ ಎರಡು ಗುನ್ನೆ ನಂಬರ್. ನಮ್ಮವರೂ ಆರೋಪಿ.

ಜೀವಾವಧಿಯವರೆಗೆ ಶಿಕ್ಷೆ ಇರುವ ಸೆಕ್ಷನ್ ಆದ್ದರಿಂದ ಮ್ಯಾಜಿಸ್ಟ್ರೇಟರು ಜಾಮೀನು ಕೊಡಲಿಲ್ಲ. ಸೆಷನ್ಸ್ ಕೋರ್ಟಿನಲ್ಲಿ ಸಿಕ್ಕಿತು, 11 ದಿನಕ್ಕೆ. ಅಲ್ಲಿ ಅವರ ವಕೀಲರು ಓದಿದ್ದು ನಮ್ಮದೇ ಎಂಎಲ್‌ಸಿಯ ನಾಲ್ಕು ಸಾಲು. ಡಾಕ್ಟರ ಮುಂದೆ ಒಬ್ಬ, ಪೊಲೀಸರ ಮುಂದೆ ಐವರು. ಡಾಕ್ಟರ ಮುಂದೆ ಕಾವು, ಪೊಲೀಸರ ಮುಂದೆ ಮಚ್ಚು. ಉಳಿದ ನಾಲ್ವರು ನಿರೀಕ್ಷಣಾ ಜಾಮೀನು ಪಡೆದರು. ಹುಡುಗ ಅವತ್ತು ಹಾಸ್ಟೆಲ್‌ನಲ್ಲಿ ಇದ್ದದ್ದಕ್ಕೆ ರಿಜಿಸ್ಟರ್ ಇತ್ತು, ಮರುದಿನ ಬೆಳಗ್ಗೆ ಕಾಲೇಜಿನ ಹಾಜರಿಯೂ ಇತ್ತು. ಅಜ್ಜನಿಗೆ ಮಂಡಿನೋವು, ಕೋಲಿಲ್ಲದೆ ನಡೆಯಲಾರರು. ಅವರು ಪಹಣಿ ಹಿಡಿದ ಜಾಮೀನುದಾರರ ಜೊತೆ ಕೋರ್ಟಿನ ಮೆಟ್ಟಿಲು ಒಂದೊಂದಾಗಿ ಹತ್ತುತ್ತಿದ್ದುದನ್ನು ನಾನು ನೋಡಿದೆ. ಪೆಟ್ಟು ತಿಂದವರ ವಕೀಲನಾಗಿ ಅವತ್ತು ನನಗೆ ತಲೆ ತಗ್ಗಿಸುವಂತಾಯಿತು.

ಅವತ್ತು ಸಂಜೆ ಕಚೇರಿಗೆ ಬಂದ ಮಗನನ್ನು ಕೇಳಿದೆ, ಯಾಕಪ್ಪಾ ಹೀಗೆ ಅಂತ.

"ಐದು ಜನ ಅಂತ ಬರೆಸಿದ್ರೆ ಕೇಸ್ ಗಟ್ಟಿ ಆಗುತ್ತೆ ಅಂದ್ರು ಸರ್. ಒಬ್ಬನೇ ಅಂದ್ರೆ ಸ್ಟೇಷನ್‌ನಲ್ಲೇ ಬಿಟ್ಟು ಕಳಿಸ್ತಾರೆ ಅಂದ್ರು."

ಅವನು ಕೆಟ್ಟ ಹುಡುಗ ಅಲ್ಲ. ಅಪ್ಪನ ಕೈ ಮುರಿದಿತ್ತು, ಸಿಟ್ಟು ಇತ್ತು, ಹೇಳಿಕೊಟ್ಟವರನ್ನು ನಂಬಿದ. ಆದರೆ ಗೊತ್ತಿದ್ದೂ ತಪ್ಪಿಲ್ಲದವರ ಮೇಲೆ ಕೇಸ್ ಹಾಕಿಸುವುದೇ ಒಂದು ಅಪರಾಧ. ನ್ಯಾಯ ಸಂಹಿತೆಯ 248ನೇ ಸೆಕ್ಷನ್, 5 ವರ್ಷದವರೆಗೆ ಶಿಕ್ಷೆ, ಸುಳ್ಳು ಆರೋಪ ಜೀವಾವಧಿಯಂಥ ದೊಡ್ಡ ಶಿಕ್ಷೆಯದ್ದಾದರೆ 10 ವರ್ಷದವರೆಗೆ. ಅದನ್ನು ಅವನಿಗೆ ಬಿಡಿಸಿ ಹೇಳಿದೆ. ಅವನ ಮುಖ ಕಪ್ಪಿಟ್ಟಿತು.

ತನಿಖೆಯಲ್ಲಿ ಸಿಕ್ಕಿದ್ದು

ತನಿಖಾಧಿಕಾರಿ ಕೆಲಸ ಗೊತ್ತಿದ್ದವರು. ಸ್ಥಳ ಮಹಜರು ಮಾಡಿದರು, ಅದಕ್ಕೆ ಸಾಕ್ಷಿಯಾಗಿ ಪಂಚರನ್ನು ಕರೆಸಿದರು, ಕಾಲುವೆ, ಬದು, ಕಟ್ಟಿದ ಮಣ್ಣು ಎಲ್ಲ ನಕ್ಷೆ ಬರೆದರು. ಸಲಿಕೆ ಬದುವಿನ ಬದಿಯ ಹುಲ್ಲಿನಲ್ಲೇ ಬಿದ್ದಿತ್ತು. ಅದನ್ನು ಜಪ್ತಿ ಮಾಡುವಾಗ ಮೊಬೈಲ್‌ನಲ್ಲಿ ವಿಡಿಯೋ ತೆಗೆದರು. ಈಗ ಶೋಧ, ಜಪ್ತಿಗೆ ವಿಡಿಯೋ ಕಡ್ಡಾಯ, ಸುರಕ್ಷಾ ಸಂಹಿತೆಯ 105ನೇ ಸೆಕ್ಷನ್. ಆ ವಿಡಿಯೋ ನಾನು ಎಷ್ಟೋ ಸಲ ನೋಡಿದ್ದೇನೆ. ಸಲಿಕೆಯ ತಗಡಿನ ಮೇಲೆ ಒಣಗಿದ ಕೆಸರು. ಕಾವಿನ ಹಿಡಿ ಕೈ ತಾಗಿ ತಾಗಿ ನುಣುಪಾಗಿದೆ. ಹಿಡಿಯಿಂದ ಸ್ವಲ್ಪ ಕೆಳಗೆ ಒಂದು ಗೇಣು ಉದ್ದದ ಸೀಳು, ಒಳಗಿನ ಮರ ಇನ್ನೂ ಬಿಳಿ. ಹೊಸ ಸೀಳು ಅಂತ ನೋಡಿದವರಿಗೆ ಗೊತ್ತಾಗುತ್ತದೆ. ಮಹಜರಿನಲ್ಲೂ ಅದನ್ನು ಬರೆದಿದ್ದರು.

ಮಚ್ಚು ಸಿಗಲಿಲ್ಲ. ಇಲ್ಲದ್ದು ಎಲ್ಲಿ ಸಿಗುತ್ತದೆ?

ಪೊಲೀಸರು ಸಾಕ್ಷಿಗಳ ಹೇಳಿಕೆ ಬರೆದುಕೊಂಡರು. ಅದೇ ಸಂಹಿತೆಯ 180ನೇ ಸೆಕ್ಷನ್‌ನ ಈ ಹೇಳಿಕೆಗಳಿಗೆ ಸಹಿ ಹಾಕಿಸುವಂತಿಲ್ಲ, ಅದು ಜನರಿಗೆ ಗೊತ್ತಿಲ್ಲ. ಅವೇ ಸಾಕ್ಷ್ಯ ಆಗುವುದಿಲ್ಲ. ಕೋರ್ಟಿನಲ್ಲಿ ಸಾಕ್ಷಿ ಬೇರೆ ಹೇಳಿದರೆ 'ಅವತ್ತು ಹೀಗೆ ಹೇಳಿದ್ದೆ' ಅಂತ ಹಿಡಿದು ಕೇಳಲು ಮಾತ್ರ ಬಳಕೆ. ಹಾಗೆಯೇ ಪೊಲೀಸರ ಮುಂದೆ ಆರೋಪಿ 'ಹೌದು ಹೊಡೆದೆ' ಅಂತ ಒಪ್ಪಿಕೊಂಡರೂ ಅದು ಕೋರ್ಟಿನಲ್ಲಿ ನಡೆಯುವುದಿಲ್ಲ. ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಸೆಕ್ಷನ್ ತಡೆಯುತ್ತದೆ. ಆ ಹೇಳಿಕೆಯಿಂದ ಏನಾದರೂ ವಸ್ತು ಪತ್ತೆಯಾದರೆ ಆ ಪತ್ತೆಗೆ ಸಂಬಂಧಪಟ್ಟಷ್ಟು ಮಾತು ಮಾತ್ರ ಉಳಿಯುತ್ತದೆ. ಇಲ್ಲಿ ಸಲಿಕೆ ಕಣ್ಣೆದುರೇ ಬಿದ್ದಿದ್ದರಿಂದ ಆ ಪ್ರಶ್ನೆಯೂ ಬರಲಿಲ್ಲ.

ಕೇಸ್ ನಿಂತದ್ದು ನೀರುಗಂಟಿಯ ಮೇಲೆ. ಅವರಿಗೆ ಎರಡೂ ಕಡೆಯವರು ಬೇಕು, ದಿನಾ ಇದೇ ಕಾಲುವೆಯಲ್ಲಿ ಓಡಾಡಬೇಕು. ಆದರೂ ಕಂಡಷ್ಟನ್ನೇ ಹೇಳಿದರು. ಕೂಗು ಕೇಳಿತು, ಟಾರ್ಚ್ ಬೆಳಕು ಹಿಡಿದು ಹೋದೆ, ಕೆಳಗದ್ದೆಯವರು ಎಡಗೈ ಹಿಡಿದುಕೊಂಡು ಕೂತಿದ್ದರು, ಮೇಲ್ಗದ್ದೆಯವರ ಕೈಯಲ್ಲಿ ಸಲಿಕೆ ಇತ್ತು, ಅವರ ತಮ್ಮ ಅವರನ್ನು ಹಿಂದಿನಿಂದ ತಬ್ಬಿ ಹಿಡಿದಿದ್ದರು. ಬೇರೆ ಯಾರೂ ಇರಲಿಲ್ಲ.

ಮೇ ತಿಂಗಳಲ್ಲಿ ಚಾರ್ಜ್‌ಶೀಟ್ ಬಂತು. ಮರಣದಂಡನೆ, ಜೀವಾವಧಿ ಅಥವಾ ಹತ್ತು ವರ್ಷ ಇಲ್ಲವೇ ಹೆಚ್ಚಿನ ಶಿಕ್ಷೆಯ ಸೆಕ್ಷನ್ ಇದ್ದರೆ ತನಿಖೆಗೆ 90 ದಿನ, ಇಲ್ಲದಿದ್ದರೆ 60. ಅಷ್ಟರೊಳಗೆ ಸಲ್ಲಿಸದಿದ್ದರೆ ಜೈಲಿನಲ್ಲಿರುವ ಆರೋಪಿಗೆ ಜಾಮೀನು ಹಕ್ಕಾಗುತ್ತದೆ. ಹುಡುಗ, ಅಜ್ಜ, ಇನ್ನೊಬ್ಬ ತಮ್ಮ, ಮೂವರನ್ನೂ ಕೈಬಿಟ್ಟಿದ್ದರು. ಉಳಿದದ್ದು ಇಬ್ಬರು, ಸೆಕ್ಷನ್ 118(2). ಹುಡುಗನ ಹೆಸರು ಎಫ್‌ಐಆರ್‌ನಿಂದ ಅಳಿಸಿಹೋಗುವುದಿಲ್ಲ ಮಾತ್ರ. ಕ್ಯಾಂಪಸ್ ಆಯ್ಕೆ ಆದಾಗ ಕಂಪನಿಯವರು ಅದರ ಬಗ್ಗೆ ಕೇಳಿದರು. ಅವನು ಚಾರ್ಜ್‌ಶೀಟಿನ ದೃಢೀಕೃತ ಪ್ರತಿಗೆ ಅಲೆದ.

ಆರೋಪ ಹೊರಿಸುವ ದಿನ

ಕೋರ್ಟು ಚಾರ್ಜ್ ಫ್ರೇಮ್ ಮಾಡುವ ಮೊದಲು ವಾದ ಕೇಳುತ್ತದೆ. ಕಡತದಲ್ಲಿ ಆಧಾರ ಇಲ್ಲದಿದ್ದರೆ ಆ ಆರೋಪಿಯನ್ನು, ಆ ಸೆಕ್ಷನ್ ಅನ್ನು ಅಲ್ಲೇ ಕೈಬಿಡಬಹುದು. ಪ್ರಶ್ನೆ ಇದ್ದದ್ದು ಒಂದೇ. ಸಲಿಕೆಯ ಕಾವು 118ನೇ ಸೆಕ್ಷನ್ ಹೇಳುವ ಆಯುಧ ಹೌದೋ ಅಲ್ಲವೋ?

ಆ ಸೆಕ್ಷನ್‌ನಲ್ಲಿ ಗುಂಡು ಹಾರಿಸುವ, ಚುಚ್ಚುವ, ಕೊಯ್ಯುವ ಸಾಧನ ಅಂತ ಇದೆ. ಜೊತೆಗೆ, ಆಯುಧದಂತೆ ಬಳಸಿದರೆ ಸಾವು ತರಬಹುದಾದ ಯಾವುದೇ ಸಾಧನ ಅಂತಲೂ ಇದೆ. ಮರದ ಕಾವು ಈ ಎರಡನೇ ಮಾತಿನೊಳಗೆ ಬರಬೇಕು. ಕಾವಿನಿಂದ ತಲೆಗೆ ಬೀಸಿದರೆ ಸಾಯಬಹುದು, ಮುಂಗೈಗೆ ಬಡಿದರೆ ಸಾಯುವುದಿಲ್ಲ. ಅಂದರೆ ಏಟು ಎಲ್ಲಿಗೆ ಗುರಿ ಇಟ್ಟಿತ್ತು ಅನ್ನುವುದೇ ಎಲ್ಲ. ಮುಂಗೈಯಲ್ಲಿ ಕಿರುಬೆರಳ ಕಡೆಯ ಮೂಳೆ ಒಂದೇ ಹೀಗೆ ನಡುವೆ ಮುರಿಯುವುದು ಬಹಳ ಸಲ ತಲೆ ಉಳಿಸಿಕೊಳ್ಳಲು ಕೈ ಎತ್ತಿದಾಗಲೇ. ಎಕ್ಸ್‌ರೇ ಅದನ್ನೇ ಹೇಳುತ್ತಿತ್ತು. ಆದರೆ ಮನುಷ್ಯ ಅದನ್ನು ಹೇಳಿರಲಿಲ್ಲ. ದೂರಿನಲ್ಲಿ ಮಚ್ಚು ಇತ್ತು, ಪೊಲೀಸರ ಮುಂದಿನ ಮರುಹೇಳಿಕೆಯಲ್ಲಿ 'ಸಲಿಕೆಯಿಂದ ಕೈಗೆ ಹೊಡೆದರು' ಅಂತ ಮಾತ್ರ ಇತ್ತು.

ನಾನು ಎಪಿಪಿ, ಅಂದರೆ ಸಹಾಯಕ ಸರ್ಕಾರಿ ಅಭಿಯೋಜಕರಿಗೆ ಸಹಾಯಕನಾಗಿ ಲಿಖಿತ ವಾದ ಕೊಟ್ಟೆ. ಸರ್ಕಾರದ ಪರ ಕೇಸ್ ನಡೆಸುವುದು ಎಪಿಪಿ. ಪೆಟ್ಟು ತಿಂದವರ ವಕೀಲ ಅವರ ಜೊತೆ ಸೇರಿ ನೆರವಾಗಬಹುದು, ಅಷ್ಟೆ. ಕಾವಿನ ಸೀಳನ್ನು ತೋರಿಸಿದೆ, ಎಷ್ಟು ಜೋರಾಗಿ ಬೀಸಿದ್ದರೆ ಮರ ಸೀಳುತ್ತದೆ ಅಂತ. ಮ್ಯಾಜಿಸ್ಟ್ರೇಟರು ಕೇಳಿದರು, 'ತಲೆಗೆ ಬೀಸಿದ್ದು ಅಂತ ಕಡತದಲ್ಲಿ ಎಲ್ಲಿದೆ?' ನನ್ನ ಹತ್ತಿರ ತೋರಿಸಲು ಪುಟ ಇರಲಿಲ್ಲ.

118(2) ಹೋಯಿತು. 117(2) ಉಳಿಯಿತು. ಬಿಡಿಸಲು ಬಂದ ತಮ್ಮನನ್ನೂ ಕೈಬಿಟ್ಟರು. ಐವರಿಂದ ಶುರುವಾದ ಕೇಸು ಒಬ್ಬರಿಗೆ ಬಂದು ನಿಂತಿತು. ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಆಸ್ಪತ್ರೆಯಲ್ಲಿ ಇವರೇ ಹೇಳಿದ್ದೂ ಒಬ್ಬರೇ ಅಂತ.

ಸಾಕ್ಷಿ ಕಟ್ಟೆಯಲ್ಲಿ

ಎರಡೂ ಕೇಸು ಒಂದೇ ಕೋರ್ಟಿನಲ್ಲಿ ಒಂದರ ಹಿಂದೆ ಒಂದು ನಡೆದವು. ಒಂದೇ ಜಗಳದ ಕೇಸು, ಪ್ರತಿಕೇಸನ್ನು ಒಬ್ಬರೇ ನ್ಯಾಯಾಧೀಶರು ಕೇಳಬೇಕು, ಒಂದರ ಸಾಕ್ಷ್ಯ ಇನ್ನೊಂದಕ್ಕೆ ಬೆರೆಸಬಾರದು ಅಂತ 1990ರ ನಾಥಿ ಲಾಲ್ ತೀರ್ಪು ಹೇಳುತ್ತದೆ.

ಸಾಕ್ಷಿಗೆ ಮೊದಲು ನಾನು ಇವರನ್ನು ಕೂರಿಸಿಕೊಂಡು ಒಂದೇ ಮಾತು ಹೇಳಿದೆ. "ಯಜಮಾನ್ರೇ, ನಡೆದದ್ದನ್ನು ಹೇಳಿ. ದೂರಿನಲ್ಲಿ ಇದ್ದದ್ದನ್ನು ಉಳಿಸಲು ಹೋಗಬೇಡಿ."

ಪಾಟೀಸವಾಲಿನಲ್ಲಿ ಎದುರು ವಕೀಲರು ನೇರವಾಗಿ ಅಲ್ಲಿಗೇ ಬಂದರು. ದೂರಿನಲ್ಲಿ ಐದು ಜನ ಹೊಡೆದರು ಅಂತ ಇದೆ ಅಲ್ವಾ ಅಂದರು. ಇದೆ ಅಂದರು ಇವರು. ಅದು ಸುಳ್ಳು ಅಲ್ವಾ?

ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಇವರು ಎಡಗೈ ಕಟಕಟೆಯ ಮೇಲಿಟ್ಟರು. ಪ್ಲೇಟು ಹಾಕಿದ ಹೊಲಿಗೆಯ ಗುರುತು ಉದ್ದಕ್ಕೆ ಕಾಣುತ್ತಿತ್ತು. "ಐದು ಜನ ಅನ್ನೋದು ಸುಳ್ಳು ಸ್ವಾಮಿ. ಕೈ ಮುರಿದದ್ದು ನಿಜ."

ತಲೆಗೆ ಬೀಸಿದ್ದನ್ನು ಅವರು ಅವತ್ತು ಮೊದಲ ಸಲ ಕೋರ್ಟಿನಲ್ಲಿ ಹೇಳಿದ್ದರು. ಪೊಲೀಸರಿಗೆ ಯಾಕೆ ಹೇಳಲಿಲ್ಲ ಅನ್ನುವ ಪ್ರಶ್ನೆ ಬಂತು. "ಯಾರೂ ಕೇಳಲಿಲ್ಲ ಸ್ವಾಮಿ. ಎಷ್ಟು ಜನ, ಯಾರ್ಯಾರು ಅಂತ ಮಾತ್ರ ಕೇಳಿದ್ರು." ಆದರೆ ಕಾನೂನಿನಲ್ಲಿ ಇಂಥ ಮುಖ್ಯ ಸಂಗತಿಯನ್ನು ಮೊದಲ ಹೇಳಿಕೆಯಲ್ಲಿ ಬಿಟ್ಟು ಆಮೇಲೆ ಹೇಳಿದರೆ ಅದನ್ನೂ ವಿರೋಧಾಭಾಸ ಅಂತ ಹಿಡಿಯಬಹುದು. ನಿಜವೇ ಆದರೂ ಅನುಮಾನಕ್ಕೆ ಒಳಗಾಗುತ್ತದೆ. ಎಫ್‌ಐಆರ್‌ನಲ್ಲಿ ಎಲ್ಲ ವಿವರ ಇರಬೇಕಾಗಿಲ್ಲ ಅಂತ ಕೋರ್ಟುಗಳು ಎಷ್ಟೋ ಸಲ ಹೇಳಿವೆ, ಸರಿ. ಬೈಗುಳದ ಶಬ್ದ ಮರೆತರೆ ನಡೆಯುತ್ತದೆ. ಏಟು ಎಲ್ಲಿಗೆ ಬಂತು ಅನ್ನುವುದು ಬಿಟ್ಟರೆ ಕಷ್ಟ.

ಪಂಚರಿಬ್ಬರೂ ತಿರುಗಿಬಿದ್ದರು, ಠಾಣೆಯಲ್ಲಿ ಸಹಿ ಹಾಕಿದೆವು ಅಂದರು. ವಿಡಿಯೋದಲ್ಲಿ ಇಬ್ಬರೂ ಬದುವಿನ ಮೇಲೆ ನಿಂತಿದ್ದು ಕಾಣುತ್ತಿತ್ತು. ನೀರುಗಂಟಿ ಮಾತ್ರ ಒಂದು ಪದ ಬದಲಿಸಲಿಲ್ಲ. ಒಂದು ಮಾತು ಸುಳ್ಳಾದರೆ ಸಾಕ್ಷಿಯ ಎಲ್ಲ ಮಾತೂ ಸುಳ್ಳು ಅನ್ನುವ ನಿಯಮ ನಮ್ಮ ದೇಶದಲ್ಲಿ ಇಲ್ಲ. ಕಣದಲ್ಲಿ ಜೊಳ್ಳು ತೂರಿ ಕಾಳು ಉಳಿಸಿಕೊಂಡ ಹಾಗೆ ನ್ಯಾಯಾಧೀಶರು ನಿಜವನ್ನು ಬೇರೆ ಮಾಡಬೇಕು. ಗಾಯ ಆದವರ ಸಾಕ್ಷಿಗೆ ತೂಕವೂ ಜಾಸ್ತಿ. ಹಾಗಾಗಿ 117(2) ಸಾಬೀತಾಗುತ್ತದೆ ಅಂತ ನನಗೆ ನಂಬಿಕೆ ಇತ್ತು.

ರಾಜಿ

ಸಾಕ್ಷಿ ಮುಗಿದು, ಆರೋಪಿಯ ಹೇಳಿಕೆಗೆ ದಿನಾಂಕ ಬಿದ್ದಿತ್ತು. ಅಷ್ಟರಲ್ಲಿ ಮುಂದಿನ ಬೇಸಿಗೆ ಬೆಳೆಗೆ ನಾಲೆಯಲ್ಲಿ ನೀರು ಬಿಟ್ಟರು. ಒಂದು ಬೆಳಗ್ಗೆ ಇಬ್ಬರೂ ಒಟ್ಟಿಗೆ ನನ್ನ ಕಚೇರಿಗೆ ಬಂದರು. ಅವತ್ತು ಕಟಕಟೆಯಲ್ಲಿ ಕೆಳಗದ್ದೆಯವರು 'ಐದು ಜನ ಅನ್ನೋದು ಸುಳ್ಳು' ಅಂದದ್ದು ಮೇಲ್ಗದ್ದೆಯವರ ಮನಸ್ಸಿಗೆ ತಾಗಿತ್ತಂತೆ. "ನನ್ನ ಮಗನ ಹೆಸರು ಬಿಡಿಸ್ದ ಸರ್, ಎಲ್ಲರ ಮುಂದೆ" ಅಂದರು. ಆಸ್ಪತ್ರೆ ಖರ್ಚು, ಪ್ಲೇಟಿನ ಖರ್ಚು, ಆಳಿಗೆ ಕೊಟ್ಟ ಕೂಲಿ ಎಲ್ಲ ಕೊಡುತ್ತೇನೆ ಅಂತ ತಾವೇ ಹೇಳಿದರು.

ಯಾವ ಕೇಸು ರಾಜಿ ಆಗುತ್ತದೆ, ಯಾವುದು ಆಗುವುದಿಲ್ಲ ಅನ್ನುವುದು ಊರ ಪಂಚಾಯ್ತಿಯ ಕೈಯಲ್ಲಿ ಇಲ್ಲ. ಸುರಕ್ಷಾ ಸಂಹಿತೆಯ 359ನೇ ಸೆಕ್ಷನ್‌ನಲ್ಲಿ ಪಟ್ಟಿ ಇದೆ. 115(2), 126(2) ಇಬ್ಬರೂ ಒಪ್ಪಿದರೆ ಸಾಕು. 117(2)ಕ್ಕೆ ಕೋರ್ಟಿನ ಅನುಮತಿ ಬೇಕು. 118 ಆ ಪಟ್ಟಿಯಲ್ಲೇ ಇಲ್ಲ, ಅದು ಉಳಿದಿದ್ದರೆ ಕೇಸ್ ರದ್ದು ಮಾಡಿಸಲು ಬೆಂಗಳೂರಿನ ಹೈಕೋರ್ಟಿಗೇ ಹೋಗಬೇಕಿತ್ತು. ನಾನು ವಾದದಲ್ಲಿ ಸೋತ ಸೆಕ್ಷನ್ ಇದು. ಅದು ಬಿದ್ದದ್ದರಿಂದಲೇ ಇವರಿಗೆ ದಾರಿ ಸಿಕ್ಕಿತು. ಇದನ್ನು ಹೇಗೆ ತೆಗೆದುಕೊಳ್ಳಬೇಕೋ ನನಗೆ ಇನ್ನೂ ತಿಳಿದಿಲ್ಲ.

ಮ್ಯಾಜಿಸ್ಟ್ರೇಟರು ಇವರನ್ನು ಹತ್ತಿರ ಕರೆದು ಕೇಳಿದರು. ಯಾರಾದರೂ ಹೆದರಿಸಿದ್ದಾರಾ? ದುಡ್ಡು ಕೈಗೆ ಬಂದಿದೆಯಾ? ಕೈಯಲ್ಲಿ ಈಗ ಕೆಲಸ ಮಾಡಲು ಆಗುತ್ತಾ? ಭಾರ ಎತ್ತುವುದಕ್ಕೆ ಆಗುವುದಿಲ್ಲ, ಉಳಿದದ್ದು ಆಗುತ್ತದೆ ಅಂದರು. ಎರಡೂ ಕೇಸಿನಲ್ಲಿ ರಾಜಿ ದಾಖಲಾಯಿತು. ರಾಜಿ ಆದರೆ ಕಾನೂನಿನಲ್ಲಿ ಅದು ಖುಲಾಸೆಗೆ ಸಮ.

ಮುದ್ದೆಮಾಲು, ಅಂದರೆ ಜಪ್ತಿಯಾದ ವಸ್ತುವಿನ ಬಗ್ಗೆಯೂ ಆದೇಶ ಇತ್ತು. ಸಲಿಕೆ ಇವರದ್ದೇ ಆದ್ದರಿಂದ ಮೇಲ್ಮನವಿ ಅವಧಿ ಮುಗಿದ ಮೇಲೆ ಇವರಿಗೆ ಕೊಡಬೇಕು ಅಂತ. ಆ ದಿನ ನಾನೂ ಜೊತೆ ಹೋಗಿದ್ದೆ. ಪಂಚರ ಸಹಿಯ ಚೀಟಿ ಇನ್ನೂ ದಾರದಲ್ಲಿ ಕಟ್ಟಿಕೊಂಡೇ ಇತ್ತು, ಶಾಯಿ ಮಾಸಿತ್ತು. ಒಣಗಿದ ಕೆಸರು ಮೇಜಿನ ಮೇಲೆ ಉದುರಿತು. ಇವರು ರಿಜಿಸ್ಟರ್‌ಗೆ ಸಹಿ ಮಾಡಿ, ಸಲಿಕೆ ಎತ್ತಿ, ಬಲಗೈ ಹೆಬ್ಬೆರಳಿನಿಂದ ಆ ಸೀಳನ್ನು ಮೇಲಿಂದ ಕೆಳಗೆ ಸವರಿದರು.

"ಕಾವು ಹೊಸದು ಹಾಕಿಸ್ಬೇಕು ಸರ್" ಅಂದರು. "ನಾಳೆ ರಾತ್ರಿ ನಮ್ಮ ಸರದಿ."